ಪ್ಲಸ್ ಬಟನ್ ಕೊಟ್ಟ ರಿಪೇರಿ ಎಂಜಿನಿಯರ್

ಯಾವುದಾದರೂ ಗೇಮ್ ಕಂಟ್ರೋಲರ್ ಕೈಗೆ ತಗೊಳ್ಳಿ. ಎಡಗೈ ಹೆಬ್ಬೆರಳು ತಾನಾಗಿ ಹೋಗಿ ಕೂರುವ ಜಾಗದಲ್ಲಿ ಪ್ಲಸ್ ಆಕಾರದ ಒಂದು ಬಟನ್ ಕಾಣುತ್ತದೆ. ಮೇಲೆ ಒತ್ತಿದರೆ ಮೇಲೆ, ಪಕ್ಕಕ್ಕೆ ಒತ್ತಿದರೆ ಪಕ್ಕಕ್ಕೆ. ತೊಂಬತ್ತರ ದಶಕದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ವಿಡಿಯೊ ಗೇಮ್ ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಮಾರಿಯೊ ಆಡುತ್ತಿದ್ದ ನನ್ನ ಸೋದರಮಾವನ ಹೆಬ್ಬೆರಳಿಗೂ ಅದು ಗೊತ್ತು. ಹಾಸ್ಟೆಲ್‌ನಲ್ಲಿ ರಾತ್ರಿ ಎಮ್ಯುಲೇಟರ್ ಹಾಕಿಕೊಂಡು ಅದೇ ಮಾರಿಯೊ ಆಡುವ ನಮ್ಮ ಹೆಬ್ಬೆರಳುಗಳಿಗೂ ಗೊತ್ತು. ಮಾವ ಈಗಲೂ ಯಾವ ಪೈಪಿನೊಳಗೆ ಇಳಿದರೆ ಎಷ್ಟು ಕಾಯಿನ್ ಸಿಗುತ್ತದೆ ಎಂದು ಕಣ್ಣುಮುಚ್ಚಿ ಹೇಳುತ್ತಾರೆ. ಆ ಬಟನ್ ಮಾಡಿದವರು ಯಾರು ಎಂದು ಕೇಳಿದರೆ ಮಾತ್ರ ಮಾವನೂ ಹೇಳಲಿಲ್ಲ, ನನ್ನ ಕ್ಲಾಸಿನವರೂ ಹೇಳಲಿಲ್ಲ.

ಅವರ ಹೆಸರು ಗುನ್ಪೆ ಯೊಕೊಯಿ. ತೀರಿಕೊಂಡು ಹೆಚ್ಚುಕಡಿಮೆ ಮೂರು ದಶಕವಾಗುತ್ತ ಬಂತು, ಅಂದರೆ ನಾನು ಹುಟ್ಟುವ ಮುಂಚೆಯೇ ಹೋದವರು. ಹಳೆಯ ಆರ್ಕೇಡ್ ಆಟಗಳ ಬಗ್ಗೆ ಓದುತ್ತ ಓದುತ್ತ ಅವರ ಜೀವನದ ಹಿಂದೆ ಬಿದ್ದೆ. ಈಗ ನಮ್ಮ ಕಾಲೇಜಿನಲ್ಲಿ ಸೀನಿಯರ್‌ಗಳಿಗೆ ಪ್ಲೇಸ್‌ಮೆಂಟ್ ನಡೆಯುತ್ತಿದೆ. ಕ್ಯಾಂಟೀನ್‌ನಲ್ಲಿ ಬೇರೆ ಮಾತೇ ಇಲ್ಲ. ಯಾರಿಗೆ ಎಷ್ಟು ಪ್ಯಾಕೇಜ್, ಯಾರದ್ದು ಕೋರ್ ಕಂಪನಿ, ಯಾರು ಓದಿದ್ದೊಂದು ಸಿಕ್ಕಿದ್ದೊಂದು. ಎಲೆಕ್ಟ್ರಾನಿಕ್ಸ್ ಓದಿ ಅದಕ್ಕೆ ಸಂಬಂಧವೇ ಇಲ್ಲದ ಕೆಲಸಕ್ಕೆ ಸೇರುವುದು ನಮ್ಮ ಬ್ರಾಂಚಿನವರ ಹಣೆಬರಹ ಎಂದು ಮೂರನೇ ಸೆಮಿಸ್ಟರ್‌ನಿಂದಲೇ ಕೇಳಿಕೊಂಡು ಬಂದಿದ್ದೇವೆ. ಅದಕ್ಕೇ ಏನೋ, ಯೊಕೊಯಿ ಅವರ ಮೊದಲ ಕೆಲಸದ ಕಥೆ ಓದಿದಾಗ ಪುಸ್ತಕ ಕೆಳಗಿಡಲು ಆಗಲಿಲ್ಲ.

ಅವರು ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಕ್ಯೋಟೊದಲ್ಲಿ. ಅಲ್ಲಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ರ‍್ಯಾಂಕ್ ವಿದ್ಯಾರ್ಥಿ ಏನಲ್ಲ. ಕೆಲಸ ಹುಡುಕಲು ಹೊರಟಾಗ ಬೇರೆ ಕಂಪನಿಗಳಲ್ಲಿ ಬಾಗಿಲು ತೆರೆಯಲಿಲ್ಲ. ಕೊನೆಗೆ 1965ರಲ್ಲಿ ಸೇರಿದ್ದು ಊರಲ್ಲೇ ಇದ್ದ ಒಂದು ಇಸ್ಪೀಟು ಕಂಪನಿಗೆ. ಹೌದು, ಇಸ್ಪೀಟು. ಹನಫುಡ ಎಂಬ ಹೂವಿನ ಚಿತ್ರಗಳ ಜಪಾನೀ ಎಲೆಗಳನ್ನು 1889ರಿಂದ ಮಾಡಿ ಮಾರುತ್ತಿದ್ದ ಆ ಕಂಪನಿಯ ಹೆಸರು ನಿಂಟೆಂಡೊ. ಆಗ ಅದಕ್ಕೂ ವಿಡಿಯೊ ಗೇಮಿಗೂ ಯಾವ ಸಂಬಂಧವೂ ಇರಲಿಲ್ಲ. ವಿಡಿಯೊ ಗೇಮ್ ಎಂಬ ವ್ಯಾಪಾರವೇ ಹುಟ್ಟಿರಲಿಲ್ಲ. ಯೊಕೊಯಿಗೆ ಕೊಟ್ಟ ಕೆಲಸ, ಎಲೆಗಳನ್ನು ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವುದು. ಕೆಟ್ಟರೆ ರಿಪೇರಿ, ಕೆಡದಿದ್ದರೆ ಸುಮ್ಮನೆ ಕೂರುವುದು.

ಅವರು ಸುಮ್ಮನೆ ಕೂರಲಿಲ್ಲ, ಅಷ್ಟೇ. ಬಿಡುವಿನಲ್ಲಿ ಕಾರ್ಖಾನೆಯ ಸಾಮಾನುಗಳನ್ನೇ ಬಳಸಿ ಏನೇನೋ ಮಾಡುತ್ತಿದ್ದರು. ಕತ್ತರಿಯಂತೆ ಒಂದಕ್ಕೊಂದು ಜೋಡಿಸಿದ ಪಟ್ಟಿಗಳು, ಹಿಡಿ ಒತ್ತಿದರೆ ಸರ್ರನೆ ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುವ ಒಂದು ಕೈ. ಕಂಪನಿಯ ಅಧ್ಯಕ್ಷ ಹಿರೋಶಿ ಯಮೌಚಿ ಒಮ್ಮೆ ಕಾರ್ಖಾನೆಯಲ್ಲಿ ಓಡಾಡುವಾಗ ಅದು ಅವರ ಕಣ್ಣಿಗೆ ಬಿತ್ತು. ಯಮೌಚಿ ಎಂದರೆ ಎಲ್ಲರೂ ನಡುಗುವ ಮನುಷ್ಯ. ಕರೆದದ್ದು ಬೈಯಲೆಂದೇ ಎಂದುಕೊಂಡು ಯೊಕೊಯಿ ಹೋದರೆ, ಅದನ್ನೇ ಮಾರಾಟದ ಆಟಿಕೆಯಾಗಿ ಮಾಡು ಎಂಬ ಆದೇಶ ಸಿಕ್ಕಿತು. 1966ರಲ್ಲಿ ಅದು ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಸುಮಾರು 12 ಲಕ್ಷ ಮಾರಾಟವಾಯಿತು.

ಇದನ್ನು ಅದೃಷ್ಟ ಎಂದುಬಿಡಬಹುದು. ನನ್ನ ರೂಮ್‌ಮೇಟ್ ಹಾಗೇ ಅಂದ. ಅಧ್ಯಕ್ಷರು ಆ ದಿನ ಆ ಕಡೆ ಬಾರದಿದ್ದರೆ? ಸರಿಯೇ. ಆದರೆ ಅಧ್ಯಕ್ಷರು ಬಂದ ದಿನ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲ!

ಅಲ್ಲಿಂದ ಮುಂದೆ ಯಂತ್ರ ರಿಪೇರಿ ನಿಂತು ಆಟಿಕೆ ಮಾಡುವುದೇ ಅವರ ಕೆಲಸವಾಯಿತು. ಮನೆಯೊಳಗೆ ಮೆದುವಾದ ಚೆಂಡೆಸೆಯುವ ಅಲ್ಟ್ರಾ ಮಷಿನ್ ಬಂತು. 1969ರಲ್ಲಿ ಲವ್ ಟೆಸ್ಟರ್ ಬಂತು. ಇದನ್ನು ನಾನು ತುಸು ವಿವರವಾಗಿ ಹೇಳಲೇಬೇಕು. ಒಂದು ಪೆಟ್ಟಿಗೆ, ಎರಡು ವೈರು, ವೈರಿನ ತುದಿಯಲ್ಲಿ ಎರಡು ಲೋಹದ ಗುಂಡು. ಹುಡುಗ ಒಂದನ್ನು ಹಿಡಿಯಬೇಕು, ಹುಡುಗಿ ಇನ್ನೊಂದನ್ನು. ಇಬ್ಬರೂ ಉಳಿದ ಕೈಗಳನ್ನು ಒಬ್ಬರದೊಬ್ಬರು ಹಿಡಿದುಕೊಳ್ಳಬೇಕು. ಆಗ ಸರ್ಕ್ಯೂಟ್ ಪೂರ್ತಿಯಾಗಿ ಮೀಟರಿನ ಮುಳ್ಳು ಪ್ರೀತಿ ಎಷ್ಟಿದೆ ಎಂದು ತೋರಿಸುತ್ತದೆ. ನಿಜಕ್ಕೂ ಅದು ಅಳೆಯುವುದು ಚರ್ಮದ ಮೂಲಕ ಹರಿಯುವ ಸಣ್ಣ ಕರೆಂಟನ್ನು. ಅಂಗೈ ಬೆವತಿದ್ದರೆ ರೆಸಿಸ್ಟೆನ್ಸ್ ಕಡಿಮೆ, ಮುಳ್ಳು ಮೇಲೆ. ಮೊದಲ ವರ್ಷದ ಲ್ಯಾಬಿನಲ್ಲಿ ಓಮ್ಸ್ ಲಾ ಕಲಿತ ಯಾರು ಬೇಕಾದರೂ ಮಾಡಬಹುದಾದ ಸರ್ಕ್ಯೂಟ್. ಹುಡುಗಿಯರ ಕೈ ಹಿಡಿಯಲು ಒಂದು ನೆಪ ಬೇಕಿತ್ತು, ಅದಕ್ಕೇ ಮಾಡಿದೆ ಎಂದು ಯೊಕೊಯಿ ಮುಂದೆ ನಗುತ್ತ ಒಪ್ಪಿಕೊಂಡರು. ಇಲ್ಲಿ ಎಂಜಿನಿಯರಿಂಗ್ ಎಷ್ಟು ಸಣ್ಣದು, ಯೋಚನೆ ಎಷ್ಟು ದೊಡ್ಡದು ನೋಡಿ.

ರಿಮೋಟ್ ಕಾರಿನ ಕಥೆಯೂ ಹೀಗೇ. ಆಗ ರೇಡಿಯೊ ನಿಯಂತ್ರಿತ ಆಟಿಕೆ ಕಾರು ಬಹಳ ದುಬಾರಿ. ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ಎಂದು ಒಂದೊಂದಕ್ಕೂ ಚಾನೆಲ್ ಬೇಕು. ಯೊಕೊಯಿ ಎಲ್ಲವನ್ನೂ ತೆಗೆದುಹಾಕಿ ಒಂದನ್ನೇ ಉಳಿಸಿದರು. ಲೆಫ್ಟಿ ಆರ್‌ಎಕ್ಸ್ ಎಂಬ ಆ ಕಾರು ಎಡಕ್ಕೆ ಮಾತ್ರ ತಿರುಗುತ್ತಿತ್ತು. ಇಂಥದ್ದನ್ನು ಯಾರು ಕೊಳ್ಳುತ್ತಾರೆ ಎಂದು ಅನ್ನಿಸುತ್ತದೆ. ಆದರೆ ರೇಸ್ ಟ್ರ್ಯಾಕ್ ದುಂಡಗಿದ್ದರೆ ಎಡಕ್ಕೆ ತಿರುಗಿದರೆ ಸಾಕಲ್ಲವೇ? ಬೆಲೆ ಇಳಿಯಿತು, ಸಾಮಾನ್ಯ ಮಕ್ಕಳ ಕೈಗೂ ರಿಮೋಟ್ ಕಾರು ಬಂತು.

ಸೋಲಾರ್ ಸೆಲ್ ಮಾರಲೆಂದು ಶಾರ್ಪ್ ಕಂಪನಿಯಿಂದ ನಿಂಟೆಂಡೊಗೆ ಬರುತ್ತಿದ್ದ ಮಸಾಯುಕಿ ಉಯೆಮುರಾ ಅವರ ಜತೆ ಸೇರಿ ಮಾಡಿದ್ದು ಬೆಳಕಿನ ಬಂದೂಕು. ಬಂದೂಕಿನಿಂದ ಹೊರಡುವುದು ಗುಂಡಲ್ಲ, ಬೆಳಕು. ಗುರಿಯಲ್ಲಿ ಕೂತ ಸೋಲಾರ್ ಸೆಲ್ಲಿಗೆ ಬೆಳಕು ತಾಗಿದರೆ ಕರೆಂಟ್ ಹುಟ್ಟುತ್ತದೆ, ಆಟಿಕೆ ಸಿಡಿಯುತ್ತದೆ. ವಿದ್ಯುತ್ ತಯಾರಿಸಲು ಇದ್ದ ಸೆಲ್ಲನ್ನು ಕಣ್ಣಾಗಿ ಬಳಸಿಕೊಂಡರು. ಉಯೆಮುರಾ ಮುಂದೆ ನಿಂಟೆಂಡೊಗೇ ಸೇರಿ, 1983ರಲ್ಲಿ ಬಂದ ಫ್ಯಾಮಿಕಾಂ ಯಂತ್ರವನ್ನು ರೂಪಿಸಿದರು. ಮಾವನ ಕಾಲದ ವಿಡಿಯೊ ಗೇಮ್ ಅಂಗಡಿಗಳಲ್ಲಿ ಟಿವಿಗೆ ಸಿಕ್ಕಿಸಿ ಇಟ್ಟಿರುತ್ತಿದ್ದ, ಕ್ಯಾಸೆಟ್ ಹಾಕುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಈ ಫ್ಯಾಮಿಕಾಂನ ನಕಲುಗಳೇ.

ಅದೇ ಬೆಳಕಿನ ಬಂದೂಕನ್ನು ದೊಡ್ಡದು ಮಾಡಿ, ಗ್ರಾಹಕರಿಲ್ಲದೆ ಖಾಲಿ ಬಿದ್ದಿದ್ದ ಬೌಲಿಂಗ್ ಕೇಂದ್ರಗಳನ್ನು ಶೂಟಿಂಗ್ ಕೇಂದ್ರ ಮಾಡುವ ಯೋಜನೆ 1973ರಲ್ಲಿ ಶುರುವಾಯಿತು. ಜನ ಮುಗಿಬಿದ್ದರು. ಅದೇ ವರ್ಷ ತೈಲ ಬಿಕ್ಕಟ್ಟು ಬಂತು, ಬಂದಿದ್ದ ಆರ್ಡರುಗಳೆಲ್ಲ ರದ್ದಾದವು, ಕಂಪನಿ ದೊಡ್ಡ ಸಾಲದಲ್ಲಿ ಮುಳುಗಿತು. ಅದರಿಂದ ಮೇಲೆ ಬರಲು ವರ್ಷಗಳೇ ಹಿಡಿದವು.

ಮೇಲಕ್ಕೆ ಎತ್ತಿದ್ದು ಒಂದು ರೈಲು ಪ್ರಯಾಣ ಎಂದರೆ ಅತಿಶಯವಾಗದು. ಎಪ್ಪತ್ತರ ದಶಕದ ಕೊನೆಯಲ್ಲಿ ಬುಲೆಟ್ ಟ್ರೈನಿನಲ್ಲಿ ಹೋಗುತ್ತಿದ್ದಾಗ ಆಫೀಸಿನ ಕೆಲಸಗಾರನೊಬ್ಬ ಹೊತ್ತು ಹೋಗದೆ ಕ್ಯಾಲ್ಕುಲೇಟರ್ ಬಟನ್ ಒತ್ತುತ್ತ ಕೂತಿದ್ದು ಯೊಕೊಯಿ ಕಣ್ಣಿಗೆ ಬಿತ್ತು. ಲೆಕ್ಕ ಮಾಡುತ್ತಿರಲಿಲ್ಲ, ಸುಮ್ಮನೆ ಒತ್ತುತ್ತಿದ್ದ. ದೊಡ್ಡವರೂ ಯಾರಿಗೂ ಕಾಣದ ಹಾಗೆ ಕೈಯೊಳಗೆ ಹಿಡಿದು ಆಡುವ ಸಣ್ಣ ಆಟವೊಂದಿದ್ದರೆ? ಅಲ್ಲಿಗೆ ಬಿಟ್ಟರು. ಆಮೇಲೊಂದು ದಿನ ಅಧ್ಯಕ್ಷರ ಡ್ರೈವರ್ ರಜೆ. ಅವರ ಕಾರು ಎಡಗಡೆ ಸ್ಟಿಯರಿಂಗ್ ಇರುವ ಅಮೆರಿಕದ ಕ್ಯಾಡಿಲಾಕ್. ಜಪಾನಿನಲ್ಲೂ ನಮ್ಮ ಹಾಗೇ ಬಲಗಡೆ ಸ್ಟಿಯರಿಂಗ್ ಆದ್ದರಿಂದ ಅದನ್ನು ಓಡಿಸಬಲ್ಲವರು ಕಂಪನಿಯಲ್ಲಿ ಕಡಿಮೆ. ಯೊಕೊಯಿಗೆ ಗೊತ್ತಿತ್ತು. ಹಾಗಾಗಿ ಅವರೇ ಡ್ರೈವರ್ ಆದರು. ದಾರಿಯಲ್ಲಿ ಸುಮ್ಮನಿರಲಾಗದೆ ಕ್ಯಾಲ್ಕುಲೇಟರಿನಷ್ಟು ಸಣ್ಣ ಆಟದ ವಿಷಯ ಹೇಳಿದರು. ಅಧ್ಯಕ್ಷರು ಹೂಂ ಎಂದಷ್ಟೇ ಕೇಳಿಸಿಕೊಂಡಂತಿತ್ತು. ಆದರೆ ಆ ದಿನದ ಸಭೆಯಲ್ಲಿ ಯಮೌಚಿ ಪಕ್ಕದಲ್ಲಿ ಕೂತದ್ದು ಶಾರ್ಪ್ ಕಂಪನಿಯ ಅಧ್ಯಕ್ಷರು! ಕೆಲವೇ ದಿನಗಳಲ್ಲಿ ಶಾರ್ಪ್‌ನವರು ಯೊಕೊಯಿಯನ್ನು ಹುಡುಕಿಕೊಂಡು ಬಂದರು.

ಶಾರ್ಪ್ ಮತ್ತು ಕ್ಯಾಸಿಯೊ ನಡುವೆ ಆಗ ಕ್ಯಾಲ್ಕುಲೇಟರ್ ಬೆಲೆಯ ಯುದ್ಧ ನಡೆದು ಎಲ್‌ಸಿಡಿ ಪರದೆ, ಚಿಪ್ ಎರಡೂ ಅಗ್ಗವಾಗಿದ್ದವು. 1980ರ ಏಪ್ರಿಲ್‌ನಲ್ಲಿ ಗೇಮ್ ಅಂಡ್ ವಾಚ್ ಮಾಲಿಕೆಯ ಮೊದಲ ಆಟ ಬಾಲ್ ಬಂತು. ಚೆಂಡುಗಳನ್ನು ಕೆಳಗೆ ಬೀಳದಂತೆ ಆಡಿಸುವುದು, ಅಷ್ಟೇ ಆಟ. ಆಡದಿದ್ದಾಗ ಗಡಿಯಾರ. ಹತ್ತು ವರ್ಷಗಳಲ್ಲಿ ಈ ಮಾಲಿಕೆಯ ಸುಮಾರು 60 ಆಟಗಳು ಬಂದವು, ಒಟ್ಟು 4.34 ಕೋಟಿ ಮಾರಾಟವಾದವು. ನಮ್ಮ ಜಾತ್ರೆಗಳಲ್ಲಿ ಬಳೆ ಅಂಗಡಿ, ಬತ್ತಾಸಿನ ಅಂಗಡಿ ಪಕ್ಕದಲ್ಲಿ ಸಿಗುತ್ತಿದ್ದ, ಕಪ್ಪು ಚೌಕಗಳು ಬೀಳುವ ಬ್ರಿಕ್ ಗೇಮ್ ನೆನಪಿದೆಯಾ? ಅದೂ ಇಂಥ ಅಗ್ಗದ ಎಲ್‌ಸಿಡಿ ಪರದೆಯ ಮೇಲೇ ನಡೆಯುವ ಆಟ.

ಇನ್ನು ಆರ್ಕೇಡ್. 1980ರಲ್ಲಿ ನಿಂಟೆಂಡೊ ರೇಡಾರ್ ಸ್ಕೋಪ್ ಎಂಬ ಆಟದ 3,000 ಯಂತ್ರಗಳನ್ನು ಅಮೆರಿಕಕ್ಕೆಂದು ಮಾಡಿತ್ತು. ಹಡಗಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಜನರ ಆಸಕ್ತಿ ತಣ್ಣಗಾಗಿತ್ತು. ಸುಮಾರು 2,000 ಯಂತ್ರಗಳು ಗೋದಾಮಿನಲ್ಲಿ ಉಳಿದವು. ಅದೇ ಯಂತ್ರಗಳಿಗೆ ಹೊಸ ಆಟ ತುಂಬಿ ಮಾರಬೇಕು. ಈ ಕೆಲಸ ಬಿದ್ದದ್ದು ಇಂಡಸ್ಟ್ರಿಯಲ್ ಡಿಸೈನ್ ಓದಿದ್ದ, ಅಲ್ಲಿಯವರೆಗೆ ಒಂದೂ ಆಟವನ್ನು ಪೂರ್ತಿಯಾಗಿ ರೂಪಿಸಿರದ ಶಿಗೆರು ಮಿಯಾಮೊಟೊ ಎಂಬ ಯುವಕನ ಮೇಲೆ. ಅವರ ಮೇಲ್ವಿಚಾರಣೆಗೆ ಯೊಕೊಯಿ. 1981ರಲ್ಲಿ ಡೊಂಕಿ ಕಾಂಗ್ ಬಂತು. ಮೇಲೆ ನಿಂತ ಗೊರಿಲ್ಲಾ ಪೀಪಾಯಿ ಉರುಳಿಸುತ್ತದೆ, ಕೆಳಗಿನ ಬಡಗಿ ಹಾರಿ ಹಾರಿ ಮೇಲೇರುತ್ತಾನೆ. ಆ ಬಡಗಿಯೇ ಮುಂದೆ ಮಾರಿಯೊ ಆದ. ಗೋದಾಮಿನ ಯಂತ್ರಗಳು ಖಾಲಿಯಾಗಿ, ಮತ್ತೆ ಸಾವಿರ ಸಾವಿರ ಮಾಡಬೇಕಾಯಿತು.

1983ರ ಮಾರಿಯೊ ಬ್ರದರ್ಸ್ ಆರ್ಕೇಡ್ ಆಟವನ್ನು ಇಬ್ಬರೂ ಸೇರಿ ಮಾಡಿದರು. ಡೊಂಕಿ ಕಾಂಗ್‌ನಲ್ಲಿ ಮಾರಿಯೊ ತುಸು ಎತ್ತರದಿಂದ ಬಿದ್ದರೂ ಸಾಯುತ್ತಿದ್ದ. ಹೊಸ ಆಟದಲ್ಲಿ ಎಷ್ಟು ಎತ್ತರದಿಂದ ಬಿದ್ದರೂ ಏನೂ ಆಗಬಾರದು ಎಂದವರು ಯೊಕೊಯಿ. ಹಾಗೆ ಮಾಡಿದರೆ ಆಟದಲ್ಲಿ ಏನು ಉಳಿಯಿತು ಎಂದು ಮಿಯಾಮೊಟೊಗೆ ಅನುಮಾನ. ಆಟದ ಮನುಷ್ಯನಿಗೆ ಮನುಷ್ಯನಿಗಿಲ್ಲದ ಒಂದಿಷ್ಟು ಶಕ್ತಿ ಇದ್ದರೆ ತಪ್ಪೇನು ಎಂಬುದು ಯೊಕೊಯಿ ವಾದ. ಕೊನೆಗೆ ಅದೇ ನಿಂತಿತು. ಮಾವನ ಮಾರಿಯೊ ಕೋಟೆಯ ಮೇಲಿಂದ ಹಾರಿ ಏನೂ ಆಗದವನಂತೆ ಓಡುವುದರ ಮೂಲ ಇದೇ.

ಪ್ಲಸ್ ಬಟನ್ ಹುಟ್ಟಿದ್ದೂ ಡೊಂಕಿ ಕಾಂಗ್‌ನಿಂದಲೇ. ಆ ಆಟವನ್ನು 1982ರಲ್ಲಿ ಗೇಮ್ ಅಂಡ್ ವಾಚ್‌ಗೆ ಇಳಿಸಬೇಕಿತ್ತು. ಆರ್ಕೇಡ್ ಯಂತ್ರದಲ್ಲಿ ಉದ್ದನೆಯ ಜಾಯ್‌ಸ್ಟಿಕ್ ಇರುತ್ತದೆ. ಪುಸ್ತಕದಂತೆ ಮಡಚಿ ಜೇಬಿನಲ್ಲಿಡುವ ಆಟಕ್ಕೆ ಜಾಯ್‌ಸ್ಟಿಕ್ ಹೇಗೆ ಇಡುವುದು? ನಾಲ್ಕು ದಿಕ್ಕಿಗೆ ನಾಲ್ಕು ಬೇರೆ ಬೇರೆ ಬಟನ್ ಇಟ್ಟರೆ ಯಾವುದು ಎಲ್ಲಿದೆ ಎಂದು ಪ್ರತಿ ಸಲ ಕೆಳಗೆ ನೋಡಬೇಕು. ಯೊಕೊಯಿ ನಾಲ್ಕನ್ನೂ ಒಂದೇ ತುಂಡಾಗಿ ಮಾಡಿ, ನಡುವೆ ಆಧಾರ ಕೊಟ್ಟು, ಒಂದು ಕಡೆ ಒತ್ತಿದರೆ ಎದುರಿನ ಕಡೆ ಏಳುವಂತೆ ಮಾಡಿದರು. ಹೆಬ್ಬೆರಳು ನೋಡದೆಯೇ ದಿಕ್ಕು ತಿಳಿಯತೊಡಗಿತು. ಮರುವರ್ಷದ ಫ್ಯಾಮಿಕಾಂ ಕಂಟ್ರೋಲರಿಗೂ ಅದೇ ಬಂತು.

ಅವರ ಕೆಲಸದ ರೀತಿಗೆ ಅವರೇ ಇಟ್ಟ ಹೆಸರನ್ನು ಕನ್ನಡದಲ್ಲಿ ಬಾಡಿದ ತಂತ್ರಜ್ಞಾನದ ಅಡ್ಡ ಯೋಚನೆ ಎನ್ನಬಹುದು. ಬಾಡಿದ್ದು ಎಂದರೆ ಕೆಟ್ಟದ್ದು ಎಂದಲ್ಲ. ಹಳೆಯದಾಗಿ, ಎಲ್ಲರಿಗೂ ಗೊತ್ತಾಗಿ, ಅಗ್ಗವಾಗಿ, ಅದರ ತಕರಾರುಗಳೆಲ್ಲ ಬಗೆಹರಿದಿರುವಂಥದ್ದು. ಅದನ್ನು ತೆಗೆದುಕೊಂಡು ಯಾರೂ ಬಳಸದ ಕಡೆ ಬಳಸುವುದು. ನಮ್ಮಲ್ಲಿ ಪ್ರಾಜೆಕ್ಟ್ ಟಾಪಿಕ್ ಎಂದರೆ ಎಐ, ಬ್ಲಾಕ್‌ಚೈನ್ ಎಂಬ ಪದ ಇಲ್ಲದಿದ್ದರೆ ಗೈಡ್ ಮುಖ ಎತ್ತಿಯೂ ನೋಡುವುದಿಲ್ಲ. ಹೀಗಿರುವಾಗ ಈ ಮಾತು ಕೇಳಲು ಒಂಥರಾ ಹಿತ.

ಈ ಯೋಚನೆಯ ದೊಡ್ಡ ಪರೀಕ್ಷೆ ನಡೆದದ್ದು 1989ರಲ್ಲಿ, ಗೇಮ್ ಬಾಯ್ ಬಂದಾಗ. ಹಸಿರು ಛಾಯೆಯ ಪರದೆ, ನಾಲ್ಕೇ ಬಗೆಯ ಕಪ್ಪು ಬಿಳುಪು, ಪರದೆಯ ಹಿಂದೆ ದೀಪವಿಲ್ಲ, 8 ಬಿಟ್ ಚಿಪ್. ಅದೇ ವರ್ಷ ಅಟಾರಿ ಕಂಪನಿಯ ಲಿಂಕ್ಸ್ ಬಂತು, ಮರುವರ್ಷ ಸೆಗಾದ ಗೇಮ್ ಗಿಯರ್. ಎರಡಕ್ಕೂ ಬಣ್ಣದ ಪರದೆ, ಬೆಳಗುವ ಪರದೆ. ಎದುರಾಳಿಯ ಯಂತ್ರಕ್ಕೆ ಬಣ್ಣವಿದೆ ಎಂದು ತಿಳಿದಾಗ ತಂಡದವರಿಗೆ ಗಾಬರಿ, ಯೊಕೊಯಿಗೆ ಸಮಾಧಾನ. ಯಾಕೆಂದರೆ ಆ ಕಾಲದ ಬಣ್ಣದ ಪರದೆ ಎಂದರೆ ಬ್ಯಾಟರಿ ಕುಡಿಯುವ ಭೂತ. ಅವಕ್ಕೆ ಆರು ಪೆನ್ ಸೆಲ್ ಹಾಕಿದರೆ ನಾಲ್ಕೈದು ಗಂಟೆಗೆ ಖಲಾಸ್. ಗೇಮ್ ಬಾಯ್‌ಗೆ ನಾಲ್ಕೇ ಸೆಲ್, ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಬೆಲೆಯೂ ಕಡಿಮೆ. ಪ್ರಯಾಣದಲ್ಲಿ ಆಡುವ ಹುಡುಗನಿಗೆ ಬೇಕಾದದ್ದು ಬಣ್ಣವೋ ಊರು ಮುಟ್ಟುವವರೆಗೆ ಉಳಿಯುವ ಆಟವೋ? ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ಬರೆದ ಟೆಟ್ರಿಸ್ ಅಮೆರಿಕದಲ್ಲಿ ಅದರ ಜತೆಗೇ ಬಂತು. ಬೀಳುವ ಇಟ್ಟಿಗೆಗಳಿಗೆ ಬಣ್ಣ ಬೇಕಾಗಿರಲಿಲ್ಲ. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ ಒಟ್ಟು 11.87 ಕೋಟಿ ಮಾರಾಟವಾದವು. ಬಣ್ಣದ ಎದುರಾಳಿಗಳು ಅದರ ಹತ್ತಿರವೂ ಸುಳಿಯಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಮೋಟಿವೇಷನಲ್ ಸ್ಪೀಕರ್‌ಗಳು ಹೇಳುವ ಕಥೆಯಾಗುತ್ತಿತ್ತು. ಆದರೆ ಯೊಕೊಯಿ ಜೀವನದಲ್ಲಿ 1995 ಇದೆ.

ಆ ವರ್ಷ ಅವರ ವರ್ಚುವಲ್ ಬಾಯ್ ಬಂತು. ಎರಡೂ ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸಿ ಆಟಕ್ಕೆ ಆಳ ಕೊಡುವ ಯಂತ್ರ. ಇದರ ಒಳಗಿನ ಕೆಲಸ ಓದಿ ನಾನು ಬೆರಗಾದೆ. ಪ್ರತಿ ಕಣ್ಣಿಗೆ 224 ಕೆಂಪು ಎಲ್‌ಇಡಿಗಳ ಒಂದೇ ಒಂದು ಸಾಲು. ಅದರ ಮುಂದೆ ವೇಗವಾಗಿ ಅದುರುವ ಕನ್ನಡಿ. ಕನ್ನಡಿ ಅದುರಿದಂತೆ ಸಾಲು ಹರಡಿ ಇಡೀ ಚಿತ್ರವಾಗಿ ಕಾಣುತ್ತದೆ. ನಮ್ಮ ಕಾಲೇಜುಗಳಲ್ಲಿ ಮಿನಿ ಪ್ರಾಜೆಕ್ಟ್ ಎಂದು ಒಂದು ಸಾಲು ಎಲ್‌ಇಡಿಯನ್ನು ಮೋಟಾರಿಗೆ ಕಟ್ಟಿ ತಿರುಗಿಸಿ ಗಾಳಿಯಲ್ಲಿ ಗಡಿಯಾರ ತೋರಿಸುತ್ತೇವಲ್ಲ, ಅದೇ ತತ್ವ. ಕೆಂಪೇ ಯಾಕೆ? ಆಗ ಕೆಂಪು ಎಲ್‌ಇಡಿ ಅಗ್ಗ, ಕಡಿಮೆ ಕರೆಂಟ್ ಸಾಕು. ನೀಲಿ ಬಹಳ ದುಬಾರಿ. ಅಂದರೆ ಇಲ್ಲೂ ಅವರ ಹಳೆಯ ಸೂತ್ರವೇ.

ಆದರೆ ಈ ಸಲ ಸೂತ್ರ ಕೈ ಹಿಡಿಯಲಿಲ್ಲ. ಜೇಬಿನಲ್ಲಿಡಲು ದೊಡ್ಡದು, ತಲೆಗೆ ಕಟ್ಟಲು ಭಾರ. ಕೊನೆಗೆ ಮೇಜಿನ ಮೇಲೆ ಸ್ಟ್ಯಾಂಡ್ ಇಟ್ಟು ಕತ್ತು ಬಗ್ಗಿಸಿ ಇಣುಕಬೇಕಾಯಿತು. ಕಣ್ಣು ನೋಯುತ್ತದೆ, ಕತ್ತು ಹಿಡಿಯುತ್ತದೆ ಎಂಬ ದೂರುಗಳು ಬಂದವು. ಆಡುವವನಿಗೆ ಮಾತ್ರ ಕಾಣುವುದರಿಂದ ಪಕ್ಕದಲ್ಲಿ ಕೂತವನಿಗೆ ಏನೂ ಕಾಣದು. ಆರ್ಕೇಡಿನಲ್ಲಿ ಒಬ್ಬ ಆಡುವಾಗ ನಾಲ್ವರು ಹಿಂದೆ ನಿಂತು ಕೂಗುತ್ತಾರಲ್ಲ, ಆ ಮಜಾ ಇಲ್ಲಿರಲಿಲ್ಲ. ನನ್ನ ಪ್ರಕಾರ ಕತ್ತು ನೋವಿಗಿಂತ ಇದೇ ದೊಡ್ಡ ಕೊರತೆ. ಒಟ್ಟು 22 ಆಟ, ಸುಮಾರು 7.7 ಲಕ್ಷ ಯಂತ್ರ. ಜಪಾನಿನಲ್ಲಿ ಅದೇ ವರ್ಷ, ಅಮೆರಿಕದಲ್ಲಿ ಮರುವರ್ಷ ಮುಚ್ಚಿತು.

1996ರ ಆಗಸ್ಟ್ 15ರಂದು ಯೊಕೊಯಿ ನಿಂಟೆಂಡೊ ಬಿಟ್ಟರು. 31 ವರ್ಷದ ನೌಕರಿ. ವರ್ಚುವಲ್ ಬಾಯ್ ಸೋತದ್ದಕ್ಕೇ ಹೊರಗೆ ಹಾಕಿದರು ಎಂಬ ಮಾತು ಹಬ್ಬಿತು, ಇಂದಿಗೂ ಹಲವು ವಿಡಿಯೊಗಳಲ್ಲಿ ಅದನ್ನೇ ಹೇಳುತ್ತಾರೆ. ಅವರು ಅದನ್ನು ಅಲ್ಲಗಳೆದಿದ್ದರು. ಐವತ್ತರ ಆಸುಪಾಸಿನಲ್ಲಿ ಹೊರಬಂದು ತಮ್ಮಿಷ್ಟದ್ದು ಮಾಡಬೇಕು ಎಂಬುದು ಅವರ ಹಳೆಯ ಆಸೆ. ಬಿಟ್ಟ ಮೇಲೆ ಕ್ಯೋಟೊದಲ್ಲೇ ಕೊಟೊ ಲ್ಯಾಬೊರೇಟರಿ ಎಂಬ ಸಣ್ಣ ಕಂಪನಿ ತೆರೆದರು. ಐವತ್ತು ದಾಟಿದ ಸ್ಟಾರ್ಟಪ್ ಹುಡುಗ ಎನ್ನಿ. ಬಂದಾಯ್ ಎಂಬ ಆಟಿಕೆ ಕಂಪನಿಗಾಗಿ ಕೈಯಲ್ಲಿ ಹಿಡಿಯುವ ಹೊಸ ಯಂತ್ರದ ಕೆಲಸ ಶುರುವಾಯಿತು. ಎದುರಾಳಿ ಯಾರು ಗೊತ್ತಲ್ಲ? ತಾವೇ ಮಾಡಿದ ಗೇಮ್ ಬಾಯ್.

1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೆದ್ದಾರಿಯಲ್ಲಿ ಅವರಿದ್ದ ಕಾರು ಮುಂದಿನ ಟ್ರಕ್ಕಿಗೆ ತಾಗಿತು. ಎಷ್ಟು ಪೆಟ್ಟಾಗಿದೆ ನೋಡೋಣ ಎಂದು ಕೆಳಗಿಳಿದರು. ಹಿಂದಿನಿಂದ ಬಂದ ಇನ್ನೊಂದು ಕಾರು ಡಿಕ್ಕಿ ಹೊಡೆಯಿತು. 56 ವರ್ಷ.

ಆ ಕೊನೆಯ ಯಂತ್ರ 1999ರ ಮಾರ್ಚ್‌ನಲ್ಲಿ ವಂಡರ್‌ಸ್ವಾನ್ ಎಂಬ ಹೆಸರಿನಲ್ಲಿ ಜಪಾನಿನ ಅಂಗಡಿಗಳಿಗೆ ಬಂತು. ಮತ್ತೆ ಕಪ್ಪು ಬಿಳುಪು ಪರದೆ, ಮತ್ತೆ ಕಡಿಮೆ ಬೆಲೆ. ಈ ಸಲ ನಾಲ್ಕು ಸೆಲ್ಲೂ ಬೇಡ, ಗೋಡೆ ಗಡಿಯಾರಕ್ಕೆ ಹಾಕುವಂಥ ಒಂದೇ ಒಂದು ಪೆನ್ ಸೆಲ್ ಸಾಕು. ಅದರ ಜತೆ ಬಂದ, ಗೆರೆಗಳನ್ನು ಜೋಡಿಸುವ ಆಟಕ್ಕೆ ಅವರದೇ ಹೆಸರಿಟ್ಟರು: ಗುನ್ಪೆ. ಆ ಯಂತ್ರದ ಚಿತ್ರ ನೋಡಿದರೆ ಎಡಗಡೆ ಪ್ಲಸ್ ಬಟನ್ ಇಲ್ಲ. ಅದರ ಬದಲು ನಾಲ್ಕು ನಾಲ್ಕು ಪುಟ್ಟ ಬಟನ್‌ಗಳ ಎರಡು ಗುಂಪು, ಒಂದರ ಮೇಲೊಂದು. ಅಡ್ಡ ಹಿಡಿದು ಆಡುವಾಗ ಒಂದು ಗುಂಪು ದಿಕ್ಕಿನದ್ದು. ಗುನ್ಪೆ ಆಡಲು ಯಂತ್ರವನ್ನು ಉದ್ದಕ್ಕೆ ತಿರುಗಿಸಿ ಹಿಡಿಯಬೇಕು. ಆಗ ಎರಡು ಗುಂಪೂ ಕೆಳಗೆ ಬಂದು, ಎಡಕ್ಕೊಂದು ಬಲಕ್ಕೊಂದು, ಎರಡು ಹೆಬ್ಬೆರಳಿಗೂ ಸರಿಯಾಗಿ ಸಿಗುತ್ತವೆ.